ಹನ್ನೊಂದು ಮೆಟ್ಟಿಲು, ನಲವತ್ತು ಮತ

(ಸ್ಟಾಕ್‌ಹೋಮಿನಲ್ಲಿ ಸೇರುವ ಕನ್ನಡ ಓದುಬಳಗವೊಂದರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಹೊತ್ತಿನ ನನ್ನ ಮಾತಿಗೆ 'ಸೋದರ ಸಂಘಗಳಲ್ಲಿ ದೀಕ್ಷೆ ಮತ್ತು ದರ್ಜೆ' ಎಂಬ ಹೆಸರು ಆಹ್ವಾನಪತ್ರದಲ್ಲಿ ಅಚ್ಚಾಗಿದೆ. ಇದನ್ನು ಕಂಡ ಹಿರಿಯರೊಬ್ಬರು, ನಾವು ಕೂಡಿ ಓದುವುದು ವಚನ, ಕುವೆಂಪು, ದೇವನೂರ. ಇದರಲ್ಲಿ ಫ್ರೀಮೇಸನ್ನರಿಗೇನು ಕೆಲಸ ಎಂದು ಕೇಳಿದರು. ಕೇಳಬೇಕಾದ ಮಾತೇ. ನಿಮ್ಮೆಲ್ಲರ ಕೈಯಲ್ಲೂ ನಮ್ಮ ಬಳಗದ ನಿಯಮಾವಳಿಯ ಕರಡು ಇದೆ. ಮುಂದಿನ ತಿಂಗಳು ಅದನ್ನು ಮತಕ್ಕೆ ಹಾಕುತ್ತೇವೆ. ಅದರ ಆರನೆಯ ಕಲಮಿನಲ್ಲಿ ಸಾಮಾನ್ಯ ಸದಸ್ಯ, ಆಜೀವ ಸದಸ್ಯ, ಪೋಷಕ, ಮಹಾಪೋಷಕ ಎಂದು ನಾಲ್ಕು ದರ್ಜೆಗಳಿವೆ. ಮಹಾಪೋಷಕರು ತಮ್ಮೊಳಗಿನಿಂದ ಆರಿಸುವ 'ಹಿರಿಯರ ಮಂಡಳಿ'ಗೆ ಸರ್ವಸದಸ್ಯರ ಸಭೆಯ ತೀರ್ಮಾನವನ್ನು ತಡೆಹಿಡಿಯುವ ಅಧಿಕಾರವನ್ನೂ ಕೊಡಲಾಗಿದೆ. ಕರಡು ಬರೆದವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸಭಾಂಗಣದ ಬಾಡಿಗೆ ಕಟ್ಟಬೇಕು, ಊರಿನಿಂದ ಲೇಖಕರನ್ನು ಕರೆಸಬೇಕು, ದುಡ್ಡು ಬೇಕು. ಆದರೆ ಮೆಟ್ಟಿಲುಗಳನ್ನು ಕಟ್ಟುವ ಮುನ್ನ ನಾವು ಬದುಕುತ್ತಿರುವ ಈ ದೇಶದಲ್ಲಿ ಮೆಟ್ಟಿಲುಗಳ ಚರಿತ್ರೆ ಹೇಗಿದೆ ಎಂದು ನೋಡುವುದು ಒಳ್ಳೆಯದು. ಸ್ವೀಡನ್ನಿಗಿಂತ ಒಳ್ಳೆಯ ಪಾಠಶಾಲೆ ಇದಕ್ಕೆ ಸಿಗಲಾರದು.

ಸ್ಟಾಕ್‌ಹೋಮಿನ ಬ್ಲಾಸೀಹೋಲ್ಮೆನ್‌ನಲ್ಲಿ, ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಹದಿನೇಳನೆಯ ಶತಮಾನದ ಒಂದು ಅರಮನೆ ಇದೆ: ಬೋಟ್ಸ್ಕಾ ಅರಮನೆ. 1870ರ ದಶಕದಿಂದ ಅದು ಸ್ವೀಡಿಶ್ ಫ್ರೀಮೇಸನ್ನರ ಮುಖ್ಯ ನೆಲೆ. ಇವರ ಸಭೆಗೆ ಲಾಡ್ಜ್ ಎಂದು ಹೆಸರು. ಲಾಡ್ಜ್ ಎಂದೊಡನೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣದ ಎದುರಿನ ಬೋರ್ಡುಗಳು ಕಣ್ಣಿಗೆ ಬರುವ ನಮ್ಮಂಥವರಿಗೆ ಆ ಪದದ ಗಾಂಭೀರ್ಯ ಮನಸ್ಸಿಗೆ ಹತ್ತುವುದು ತುಸು ಕಷ್ಟವೇ. ಇರಲಿ. ಸ್ವೀಡನ್ನಿನ ಮೊದಲ ಲಾಡ್ಜನ್ನು 1735ರಲ್ಲಿ ಕೌಂಟ್ ಆಕ್ಸೆಲ್ ವ್ರೇಡೆ ಸ್ಪಾರೆ ಸ್ಟಾಕ್‌ಹೋಮಿನಲ್ಲಿ ನಡೆಸಿದ. ಆತ ದೀಕ್ಷೆ ಪಡೆದದ್ದು ಪ್ಯಾರಿಸ್ಸಿನಲ್ಲಿ. ಬಂದ ದಾರಿಯನ್ನು ಗಮನಿಸಿ. ಲಂಡನ್ನಿನಲ್ಲಿ 1717ರ ಹೊತ್ತಿಗೆ ಸಂಘಟಿತವಾದ ಈ ಕೂಟ ಪ್ಯಾರಿಸ್ಸಿನ ಶ್ರೀಮಂತರ ಮನೆಗಳನ್ನು ಹಾದು, ಮೈತುಂಬ ರೇಷ್ಮೆ ಉಟ್ಟುಕೊಂಡು, ಉತ್ತರಕ್ಕೆ ಬಂತು.

ಮೂಲದಲ್ಲಿ ಈ ದರ್ಜೆಗಳ ಕಲ್ಪನೆ ಬಂದದ್ದು ಕಲ್ಲುಕುಟಿಗರ ಕಸುಬಿನಿಂದ. ಕಲಿಯುವ ಹುಡುಗ, ಕೆಲಸ ಬಲ್ಲ ಜೊತೆಗಾರ, ಒಡೆಯನಾದ ಮೇಸ್ತ್ರಿ. ಇದರಲ್ಲಿ ಯಾರಿಗೂ ತಕರಾರು ಇರಬೇಕಾಗಿಲ್ಲ. ಬೇಲೂರಿನಲ್ಲಿ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂದು ರೂವಾರಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದು ಹೋದರಲ್ಲ, ಆ ಹೆಸರಿನ ಹಿಂದೆ ಕೈಯ ಪಳಗು ಇತ್ತು. ಉಳಿ ಹಿಡಿಯಲು ಬರುತ್ತದೋ ಇಲ್ಲವೋ ಎಂಬುದನ್ನು ಗುಟ್ಟಾಗಿ ಹೇಳಬೇಕಾಗಿಲ್ಲ, ಕಲ್ಲೇ ಹೇಳುತ್ತದೆ. ಆದರೆ ಉಳಿ ಹಿಡಿಯದ ಕೌಂಟುಗಳೂ ವ್ಯಾಪಾರಿಗಳೂ ಪಾದ್ರಿಗಳೂ ಈ ಕೂಟಕ್ಕೆ ಬಂದಮೇಲೆ ಉಳಿ ಸಂಕೇತವಾಯಿತು, ಮುಂಗಟ್ಟು ಅಲಂಕಾರವಾಯಿತು, ಕಸುಬಿನ ಗುಟ್ಟು ಗುಟ್ಟಿನ ಕಸುಬಾಯಿತು. ಆಮೇಲೆ ಮೂರು ಮೆಟ್ಟಿಲು ಸಾಲಲಿಲ್ಲ. 1730ರಲ್ಲೇ ಸ್ಯಾಮುಯೆಲ್ ಪ್ರಿಚರ್ಡ್ ಎಂಬಾತ ಲಂಡನ್ನಿನಲ್ಲಿ ಮೂರು ದರ್ಜೆಗಳ ಕ್ರಿಯಾವಿಧಿಗಳನ್ನು ಅಚ್ಚು ಹಾಕಿ ಮಾರಿಬಿಟ್ಟ. ಗುಟ್ಟು ಬೀದಿಗೆ ಬಂದಮೇಲೆ ಗುಟ್ಟಿನ ಮೇಲೆ ಇನ್ನೊಂದು ಗುಟ್ಟು ಕಟ್ಟುವುದು ಬಹಳ ಹಳೆಯ ಉಪಾಯ. 1730ರ ದಶಕದ ಕೊನೆಗೆ ಪ್ಯಾರಿಸ್ಸಿನಲ್ಲಿ ರ‍್ಯಾಮ್ಸೆ ಎಂಬ ಸ್ಕಾಟ್‌ಲೆಂಡಿನವನು ತನ್ನ ಭಾಷಣದಲ್ಲಿ ಈ ಮೇಸನ್ನರ ಪೂರ್ವಿಕರು ಕ್ರುಸೇಡಿನ ವೀರರೆಂದು ಸೂಚಿಸಿದ. ಅಲ್ಲಿಂದ ಮುಂದೆ 'ಸ್ಕಾಟಿಶ್' ಎಂಬ ಹೆಸರು ಹೊತ್ತ ಮೇಲ್ದರ್ಜೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಕಲ್ಲುಕುಟಿಗನ ಸಂತಾನವೆನ್ನಿಸಿಕೊಳ್ಳಲು ಸಂಕೋಚಪಟ್ಟವರಿಗೆ ವೀರಯೋಧರ ವಂಶಾವಳಿ ಸಿಕ್ಕಿತು. ವಂಶಾವಳಿ ಬರೆಸಿಕೊಳ್ಳುವ ಈ ಚಟ ನಮ್ಮ ನಾಡಿನವರಿಗೆ ಹೊಸದೇನಲ್ಲ. ಎಷ್ಟು ಪಾಳೆಯಗಾರರು ಸೂರ್ಯವಂಶ ಚಂದ್ರವಂಶಗಳಿಗೆ ಏಣಿ ಹಾಕಲಿಲ್ಲ!

ಸ್ವೀಡನ್ನಿನಲ್ಲಿ ಈ ಏಣಿಗೆ ವ್ಯವಸ್ಥಿತ ರೂಪ ಕೊಟ್ಟವರು ಇಬ್ಬರು. ಒಬ್ಬ, 1750ರ ದಶಕದಲ್ಲಿ ಮೇಲ್ದರ್ಜೆಯ ಲಾಡ್ಜುಗಳನ್ನು ತೆರೆದ ಕಾರ್ಲ್ ಫ್ರೆಡ್ರಿಕ್ ಎಕ್ಲೆಫ್ ಎಂಬ ಸರ್ಕಾರಿ ನೌಕರ. ಇನ್ನೊಬ್ಬ, 1774ರಲ್ಲಿ ಸಂಘದ ಮುಖ್ಯಸ್ಥನಾದ ಡ್ಯೂಕ್ ಕಾರ್ಲ್. ಮುಂದೆ ಇವನೇ ಹದಿಮೂರನೆಯ ಕಾರ್ಲ್ ಎಂಬ ಹೆಸರಿನಲ್ಲಿ ರಾಜನಾದ. ಇವನು ವರ್ಷಾನುಗಟ್ಟಲೆ ಕೂತು ವಿಧಿಗಳನ್ನು ತಿದ್ದಿ ಬರೆದ ಕ್ರಮವೇ ಇಂದಿಗೂ ನಡೆಯುತ್ತಿರುವುದು. ನಾರ್ವೆ, ಡೆನ್ಮಾರ್ಕ್, ಐಸ್‌ಲೆಂಡುಗಳಲ್ಲೂ ಇದೇ ಕ್ರಮ. ಒಟ್ಟು ಹನ್ನೊಂದು ಮೆಟ್ಟಿಲು, ಮೂರು ಅಂತಸ್ತು. ಕೆಳಗಿನ ಅಂತಸ್ತು ಸಂತ ಯೋಹಾನನ ಹೆಸರಿನದು. ಒಂದರಿಂದ ಮೂರರವರೆಗೆ, ಕಲಿಯುವವ, ಜೊತೆಗಾರ, ಮೇಸ್ತ್ರಿ. ನಡುವಿನದು ಸಂತ ಆಂಡ್ರ್ಯೂನದು; ನಾಲ್ಕು ಮತ್ತು ಐದನ್ನು ಒಂದೇ ಸಲಕ್ಕೆ ಕೊಡುತ್ತಾರೆ, ಆರನೆಯದು ಬೇರೆ. ಮೇಲಿನದು ಚಾಪ್ಟರ್ ಎನ್ನುವ ಅಂತಸ್ತು. ಏಳನೆಯ ದರ್ಜೆಯಲ್ಲಿ ಪೂರ್ವದ ವೀರ, ಎಂಟನೆಯದರಲ್ಲಿ ಪಶ್ಚಿಮದ ವೀರ, ಒಂಬತ್ತು ಹತ್ತರಲ್ಲಿ ಬೆಳಗು ಕಂಡ ಸೋದರ. ಹತ್ತರವರೆಗೆ ಏರಲು ಸಾಮಾನ್ಯವಾಗಿ ಒಂದೆರಡು ದಶಕಗಳೇ ಬೇಕು. ಹನ್ನೊಂದನೆಯದು, ಕೆಂಪು ಶಿಲುಬೆಯ ಕಮಾಂಡರ್ ಪದವಿ, ಏರಿ ಪಡೆಯುವುದಲ್ಲ. ಸಂಘದ ಉನ್ನತ ಹೊಣೆ ಹೊತ್ತ ಕೆಲವರಿಗಷ್ಟೇ ಸಲ್ಲುವ ಗೌರವ. ಪ್ರತಿ ಮೆಟ್ಟಿಲಿಗೂ ಅದರದೇ ಮುಂಗಟ್ಟು, ಅದರದೇ ಪಟ್ಟಿ, ಅದರದೇ ಪದಕ. ಮೇಲಂತಸ್ತಿನವರ ಬೆರಳಿಗೆ ಕೆಂಪು ಶಿಲುಬೆಯ ಉಂಗುರ.

ಈ ಎಲ್ಲದರ ಬೆನ್ನೆಲುಬಾಗಿರುವುದು ಟೆಂಪ್ಲರ್ ಎಂಬ ಮಧ್ಯಯುಗದ ಯೋಧಸನ್ಯಾಸಿಗಳ ಕಥೆ. ಆ ಸಂಘವನ್ನು ಪೋಪನೇ 1312ರಲ್ಲಿ ವಿಸರ್ಜಿಸಿದ. ಅದರ ಮುಖ್ಯಸ್ಥ ಜಾಕ್ ದ ಮೊಲೆಯನ್ನು 1314ರಲ್ಲಿ ಪ್ಯಾರಿಸ್ಸಿನಲ್ಲಿ ಸುಟ್ಟರು. ಅಲ್ಲಿಂದ ಹದಿನೆಂಟನೆಯ ಶತಮಾನದವರೆಗೆ ಆ ಪರಂಪರೆ ಗುಟ್ಟಾಗಿ ಹರಿದುಬಂತು ಎಂಬುದಕ್ಕೆ ಚರಿತ್ರಕಾರರು ಒಪ್ಪುವ ಆಧಾರವಿಲ್ಲ. ಅದು ಕಟ್ಟಿಕೊಂಡ ಪುರಾಣ. ಪುರಾಣವೆಂದ ಮಾತ್ರಕ್ಕೆ ಅದು ಕೆಲಸ ಮಾಡುವುದಿಲ್ಲವೆಂದಲ್ಲ. ಪುರಾಣಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದು ನಮ್ಮ ದೇಶದ ಇತ್ತೀಚಿನ ರಾಜಕಾರಣ ಬಲ್ಲ ಯಾರಿಗೂ ವಿವರಿಸಬೇಕಾಗಿಲ್ಲ.

ದರ್ಜೆಯ ಯಂತ್ರ ಕೆಲಸ ಮಾಡುವ ಬಗೆಯನ್ನು ತುಸು ಬಿಡಿಸಿ ನೋಡೋಣ. ಮೊದಲ ದೀಕ್ಷೆಯ ದಿನ ಅಭ್ಯರ್ಥಿಯ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಮೇಸನ್ನರ ಸಾಮಾನ್ಯ ಪದ್ಧತಿಯಲ್ಲಿ ಅವನ ಮೈಮೇಲಿನ ನಾಣ್ಯ, ಲೋಹಗಳನ್ನೂ ತೆಗೆಸುತ್ತಾರೆ. ಹೊಸ್ತಿಲ ಬಳಿ ಬಡವನೂ ಬಲ್ಲಿದನೂ ಒಂದೇ ಎಂಬುದು ಅದರ ಅರ್ಥ. ಒಳ್ಳೆಯ ಅರ್ಥ, ಇಂಥ ಒಂದು ಗಳಿಗೆ ಮನುಷ್ಯನ ಮನಸ್ಸನ್ನು ನಿಜಕ್ಕೂ ಕಲಕುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೊಸ್ತಿಲಲ್ಲಿ ತೆಗೆಸಿದ ಲೋಹವನ್ನು ಮುಂದಿನ ಇಪ್ಪತ್ತು ವರ್ಷ ಮೆಟ್ಟಿಲಿಗೊಂದರಂತೆ ಪದಕವಾಗಿ, ಉಂಗುರವಾಗಿ ಹಿಂದಿರುಗಿಸುತ್ತಾರೆ! ಸಮಾನತೆ ಇರುವುದು ಒಂದು ಸಂಜೆ. ಶ್ರೇಣಿ ಇರುವುದು ಆಯುಷ್ಯವಿಡೀ. ಇನ್ನೊಂದು ಸಂಗತಿ: ಮೇಲಿನ ಮೆಟ್ಟಿಲಲ್ಲಿ ಏನಿದೆ ಎಂಬುದು ಕೆಳಗಿನವನಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಪ್ರಶ್ನಿಸುವುದು ಹೇಗೆ? 'ಅದು ನಿನಗೆ ಮುಂದೆ ತಿಳಿಯುತ್ತದೆ' ಎಂಬ ಒಂದೇ ಮಾತಿನಿಂದ ಎಲ್ಲ ಚರ್ಚೆಯನ್ನೂ ಮುಗಿಸಬಹುದು. ಮೇಲೆ ಹೋಗಿ ನೋಡಿದವನೋ, ಅಷ್ಟು ವರ್ಷ ಕಾದು ಏರಿದ್ದರಿಂದ, ಅಲ್ಲಿ ಹೇಳಿಕೊಳ್ಳುವಂಥದ್ದು ಇಲ್ಲದಿದ್ದರೂ ಇಲ್ಲವೆಂದು ಕೆಳಗಿನವರಿಗೆ ಹೇಳಲಾರ.

ಅಂಬೇಡ್ಕರ್ ಜಾತಿಯನ್ನು ಕುರಿತು ಹೇಳಿದ ಶ್ರೇಣೀಕೃತ ಅಸಮಾನತೆಯ ವಿಚಾರ ಇಲ್ಲಿ ನೆನಪಿಗೆ ಬರುತ್ತದೆ. ಬರೀ ಮೇಲು ಕೀಳೆಂದು ಎರಡೇ ಭಾಗವಾಗಿದ್ದರೆ ಕೆಳಗಿನವರೆಲ್ಲ ಒಂದಾಗಿ ಎದ್ದುಬಿಡಬಹುದು. ಮೆಟ್ಟಿಲು ಮೆಟ್ಟಿಲಾಗಿ ಹಂಚಿದಾಗ ತೀರ ತಳದವನನ್ನು ಬಿಟ್ಟರೆ ಪ್ರತಿಯೊಬ್ಬನಿಗೂ ತನಗಿಂತ ಕೆಳಗಿನವನೊಬ್ಬ ಸಿಗುತ್ತಾನೆ; ಮೆಟ್ಟಿಲು ಉಳಿಯಲಿ ಎಂಬ ಆಸೆಗೆ ಅಷ್ಟು ಸಾಕು. ಲಾಡ್ಜನ್ನೂ ಜಾತಿಯನ್ನೂ ಸಮ ಮಾಡುವುದು ತಪ್ಪು. ಲಾಡ್ಜಿನಲ್ಲಿ ಏರಬಹುದು, ಬೇಡವೆಂದರೆ ಎದ್ದು ಮನೆಗೆ ಹೋಗಬಹುದು. ಜಾತಿಯಲ್ಲಿ ಎರಡೂ ಸಾಧ್ಯವಿಲ್ಲ. ಆದರೆ ಮೆಟ್ಟಿಲ ಮೇಲೆ ನಿಂತವನ ಮನಸ್ಸು ಎರಡು ಕಡೆಯೂ ಒಂದೇ ರೀತಿ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಇನ್ನು ಬಾಗಿಲಿನ ಮಾತು. ಸ್ವೀಡಿಶ್ ಕ್ರಮದ ಲಾಡ್ಜಿಗೆ ಸೇರಲು ಗಂಡಸಾಗಿರಬೇಕು, ಕ್ರೈಸ್ತ ನಂಬಿಕೆಯವನಾಗಿರಬೇಕು, ಒಳಗಿನವರು ಹೊಣೆ ನಿಲ್ಲಬೇಕು. ಇಂಗ್ಲಿಷ್ ಮೇಸನ್ನರಿಗೆ ಒಬ್ಬ ದೇವರಲ್ಲಿ ನಂಬಿಕೆ ಇದ್ದರೆ ಸಾಕು, ಯಾವ ಮತವಾದರೂ ಸರಿ. ಇಲ್ಲಿ ಹಾಗಲ್ಲ. ಹಾಗೆಂದು ಇಂಗ್ಲಿಷರ ಬಾಗಿಲು ನಮಗೆ ಸುಲಭವಾಗಿ ತೆರೆಯಿತೆಂದು ತಿಳಿಯಬೇಡಿ. ಮುಂಬಯಿಯ ಪಾರ್ಸಿ ಮಾಣೆಕ್‌ಜಿ ಕರ್ಸೆಟ್‌ಜಿಯವರಿಗೆ ತಮ್ಮ ಊರಿನಲ್ಲಿ ಪ್ರವೇಶ ಸಿಗದೆ ಪ್ಯಾರಿಸ್ಸಿನಲ್ಲಿ ದೀಕ್ಷೆ ಪಡೆಯಬೇಕಾಯಿತು. ಭಾರತೀಯರಿಗೆ ಬಾಗಿಲು ತೆರೆದ ಲಾಡ್ಜೊಂದು ಮುಂಬಯಿಯಲ್ಲಿ ಹುಟ್ಟಿದ್ದು 1843ರಲ್ಲಿ. ಕಲ್ಕತ್ತೆಯ ಪ್ರಸನ್ನ ಕುಮಾರ ದತ್ತ ಎಂಬ ಹಿಂದೂ ವ್ಯಾಪಾರಿ 1863ರಲ್ಲಿ ಅರ್ಜಿ ಹಾಕಿದರು. ಹಿಂದೂಗಳಿಗೆ ದೇವರು ಹಲವರು, ಜಾತಿ ಇರುವವರು ಸೋದರರಾಗುವುದು ಹೇಗೆ ಎಂದೆಲ್ಲ ತಕರಾರು ಎದ್ದು, ಒಂಬತ್ತು ವರ್ಷ ಕಾದು 1872ರಲ್ಲಿ ಒಳಗೆ ಹೋದರು. ಜಾತಿಯ ಬಗ್ಗೆ ಆಕ್ಷೇಪ ಎತ್ತಿದವರು ತಮ್ಮ ಮೈಬಣ್ಣದ ಲೆಕ್ಕವನ್ನು ಮಾತ್ರ ಚರ್ಚೆಗೆ ತರಲಿಲ್ಲ. ಉತ್ತರ ಭಾರತದ ಜನ ಈ ಕಟ್ಟಡಗಳಿಗೆ 'ಜಾದೂಘರ್' ಎಂದು ಹೆಸರಿಟ್ಟರು. ಮುಚ್ಚಿದ ಬಾಗಿಲಿನ ಹಿಂದೆ ಏನು ನಡೆಯುತ್ತದೆಂದು ತಿಳಿಯದ ಜನ ಬೇರೇನೆಂದು ಕರೆದಾರು?

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು. ನಮ್ಮ ಮೊಬೈಲುಗಳಿಗೆ ಬರುವ ವಿಡಿಯೋಗಳ ಪ್ರಕಾರ ಲೋಕವನ್ನೆಲ್ಲ ಆಳುವವರು ಮೇಸನ್ನರು. ಆ ಕಥೆಯ ಬಾಲ ಹಿಡಿದು ಹೋದರೆ ಯಹೂದ್ಯರು ಮತ್ತು ಮೇಸನ್ನರು ಕೂಡಿ ಹೂಡಿದ ಸಂಚು ಎಂಬ ನಾಜಿಗಳ ಸುಳ್ಳಿಗೆ ಬಂದು ನಿಲ್ಲುತ್ತೇವೆ. ಜರ್ಮನಿಯಲ್ಲಿ 1935ರ ಹೊತ್ತಿಗೆ ಲಾಡ್ಜುಗಳನ್ನು ಮುಚ್ಚಿಸಿದವರು ಅವರೇ. ತಮಾಷೆಯೆಂದರೆ ಸ್ವೀಡಿಶ್ ಕ್ರಮ ಯಹೂದ್ಯರನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಈ ಸಂಘ ಗುಪ್ತಸಂಘವೂ ಅಲ್ಲ. ಸದಸ್ಯರ ಪಟ್ಟಿ ಅಚ್ಚಾಗುತ್ತದೆ, ಗ್ರಂಥಾಲಯದಲ್ಲಿ ನೋಡಬಹುದು, ಅರಮನೆಯನ್ನು ಹೊರಗಿನವರಿಗೆ ಸುತ್ತಿ ತೋರಿಸುವ ದಿನಗಳೂ ಇವೆ. 1753ರಲ್ಲಿ ರಾಜಕುಮಾರಿ ಸೋಫಿಯಾ ಆಲ್ಬರ್ಟಿನಾ ಹುಟ್ಟಿದಾಗ ಅನಾಥ ಮಕ್ಕಳಿಗಾಗಿ ಒಂದು ಮನೆಯನ್ನೂ ಇವರು ತೆರೆದರು. ಆ ದತ್ತಿಕಾರ್ಯ ಸುಳ್ಳಲ್ಲ. ಹಾಗಾಗಿ ನನ್ನ ತಕರಾರು ಸಂಚಿನದಲ್ಲ, ಅದಕ್ಕಿಂತ ಸಾದಾ. ರಾಜ, ಮಂತ್ರಿ, ದಂಡನಾಯಕ, ಪಾದ್ರಿ, ನ್ಯಾಯಾಧೀಶ ಇವರೆಲ್ಲ ಒಂದೇ ಏಣಿಯ ಮೇಲೆ ನಿಂತು ಒಬ್ಬರಿಗೊಬ್ಬರು ಸೋದರರೆಂದು ಆಣೆಯಿಟ್ಟರೆ, ಏಣಿಯ ಹೊರಗಿರುವ ಹೆಂಗಸು, ಕೂಲಿಯವನು, ಬೇರೆ ಮತದವನು ಎಲ್ಲಿ ನಿಲ್ಲಬೇಕು? 1811ರಲ್ಲಿ ಹದಿಮೂರನೆಯ ಕಾರ್ಲ್ ತನ್ನ ಹೆಸರಿನಲ್ಲೇ ಒಂದು ರಾಜಪದಕವನ್ನು ಸ್ಥಾಪಿಸಿದ. ಅದು ರಾಜ್ಯದ ಪದಕ, ಆದರೆ ಕೊಡುವುದು ಮೇಲ್ದರ್ಜೆಯ ಮೇಸನ್ನರಿಗೆ ಮಾತ್ರ! 1973ರಲ್ಲಿ ಆರನೆಯ ಗುಸ್ತಾವ್ ಅಡಾಲ್ಫ್ ತೀರಿಕೊಳ್ಳುವವರೆಗೂ ರಾಜನೇ ಸಂಘದ ತಲೆಯಾಳು. ಆಮೇಲೆ 1997ರವರೆಗೆ ರಾಜಕುಮಾರ ಬರ್ಟಿಲ್. ಈಗಿನ ರಾಜ ಸದಸ್ಯನಲ್ಲ, 'ಪೋಷಕ' ಮಾತ್ರ. ಪೋಷಕ ಎಂಬ ಪದ ನಮ್ಮ ಕರಡಿನಲ್ಲೂ ಇರುವುದು ಆಕಸ್ಮಿಕವೇ ಇರಬೇಕು.

ಮೆಟ್ಟಿಲೆಂದರೆ ಎಲ್ಲವೂ ಕೆಟ್ಟದ್ದೇ? ನಮ್ಮ ನಾಡಿನ ಎರಡು ಉದಾಹರಣೆಗಳನ್ನು ಪಕ್ಕದಲ್ಲಿಟ್ಟು ನೋಡೋಣ. ಶ್ರವಣಬೆಳಗೊಳದ ಪರಂಪರೆಯ ಜೈನಧರ್ಮದಲ್ಲಿ ಗೃಹಸ್ಥನಿಗೆ ಹೇಳಿರುವ ಪ್ರತಿಮೆಗಳು, ಅಂದರೆ ಹಂತಗಳು, ಹನ್ನೊಂದು. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಅವನ್ನು ಒಂದೊಂದಾಗಿ ಹೇಳುತ್ತದೆ. ದರ್ಶನ, ವ್ರತ, ಸಾಮಾಯಿಕದಿಂದ ಹೊರಟು ಬ್ರಹ್ಮಚರ್ಯ, ಆರಂಭತ್ಯಾಗ, ಪರಿಗ್ರಹತ್ಯಾಗ, ಅನುಮತಿತ್ಯಾಗ, ಉದ್ದಿಷ್ಟತ್ಯಾಗದವರೆಗೆ. ಸಂಖ್ಯೆ ಸ್ವೀಡಿಶ್ ಮೇಸನ್ನರದ್ದೇ, ನಡೆ ಮಾತ್ರ ಉಲ್ಟಾ. ಅಲ್ಲಿ ಮೆಟ್ಟಿಲಿಗೊಂದು ಪದಕ ಸೇರುತ್ತದೆ. ಇಲ್ಲಿ ಮೆಟ್ಟಿಲಿಗೊಂದು ಹಕ್ಕು ಕಳಚುತ್ತದೆ. ಒಂಬತ್ತನೆಯದರಲ್ಲಿ ಆಸ್ತಿ ಹೋಯಿತು, ಹತ್ತನೆಯದರಲ್ಲಿ ಮನೆಯ ವ್ಯವಹಾರದಲ್ಲಿ 'ಹೂಂ' ಎನ್ನುವ ಅಧಿಕಾರವೂ ಹೋಯಿತು, ಹನ್ನೊಂದನೆಯದರಲ್ಲಿ ತನಗೆಂದೇ ಮಾಡಿದ ಅಡಿಗೆಯನ್ನೂ ಉಣ್ಣುವಂತಿಲ್ಲ. ಎಲ್ಲ ಹಂತಗಳೂ ಪುಸ್ತಕದಲ್ಲಿ ಬರೆದಿಟ್ಟಿವೆ, ಯಾರು ಬೇಕಾದರೂ ಓದಬಹುದು, ಗುಟ್ಟಿಲ್ಲ. ವೈರಾಗ್ಯದ ಈ ದಾರಿ ನನ್ನಂಥ ಸಂಸಾರಿಗೆ ಹಿಡಿಸುವಂಥದ್ದಲ್ಲ. ಆದರೂ ಮೇಲೇರಿದಂತೆ ಅಧಿಕಾರ ಕಡಿಮೆಯಾಗುವ ಏಣಿಯನ್ನು ಕಲ್ಪಿಸಿಕೊಂಡದ್ದಕ್ಕೆ ಆ ಹಿರಿಯರಿಗೆ ತಲೆಬಾಗುತ್ತೇನೆ.

ಇನ್ನೊಂದು, ಶರಣರದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳೂ ಮೆಟ್ಟಿಲುಗಳೇ. ಆದರೆ ಹನ್ನೆರಡನೆಯ ಶತಮಾನದ ಆ ದೊಡ್ಡ ಗಳಿಗೆಯಲ್ಲಿ ಮೊದಲ ಮೆಟ್ಟಿಲಿಗೆ ಕಾವಲುಗಾರನಿರಲಿಲ್ಲ. ಮಾದಾರ, ಡೋಹರ, ಮಡಿವಾಳ, ಅಂಬಿಗ, ಸೂಳೆ ಎನಿಸಿಕೊಂಡವಳು ಎಲ್ಲರಿಗೂ ದೀಕ್ಷೆ ಒಂದೇ. ಲಿಂಗದೀಕ್ಷೆ ಪಡೆಯದ ಸಿದ್ಧರಾಮನಿಗೆ ದೀಕ್ಷೆ ಬೇಕೇ ಬೇಡವೇ ಎಂಬ ವಾದವನ್ನು ಶೂನ್ಯಸಂಪಾದನೆ ಎಷ್ಟು ಬಿಚ್ಚುಮನಸ್ಸಿನಿಂದ ನಡೆಸುತ್ತದೆ ಎಂಬುದನ್ನು ನಾವು ಇಲ್ಲೇ ಕೂತು ಓದಿದ್ದೇವೆ. ದೀಕ್ಷೆಯ ಅಗತ್ಯವನ್ನೇ ಚರ್ಚೆಗೆ ಇಡಬಲ್ಲ ಕೂಟ ಅದು. ಯಾವ ಲಾಡ್ಜೂ ಈ ಕೆಲಸ ಮಾಡಿಲ್ಲ. ಆಮೇಲೇನಾಯಿತು ಎಂಬುದೂ ನಮಗೆ ಗೊತ್ತು. ಮಠಗಳು ಬಂದವು, ಜಂಗಮರ ಹುಡುಗರಿಗೆ ಮಾತ್ರ ಅಯ್ಯಾಚಾರವೆಂಬ ಬೇರೆ ದೀಕ್ಷೆ ಬಂತು, ಒಳಪಂಗಡಗಳ ಲೆಕ್ಕ ಬಂತು. ಬಾಗಿಲೇ ಇಲ್ಲದೆ ಶುರುವಾದ ಮನೆಗೂ ಎರಡು ಮೂರು ಶತಮಾನಗಳಲ್ಲಿ ಬಾಗಿಲು, ಚಿಲಕ, ಒಳಕೋಣೆಗಳು ಏರ್ಪಟ್ಟವು.

ಸ್ವೀಡನ್ನಿಗೆ ಮರಳೋಣ. ಈ ದರ್ಜೆಯ ಗೀಳನ್ನು ಗೇಲಿ ಮಾಡಿದವನೂ ಇಲ್ಲಿಯ ದೊಡ್ಡ ಕವಿಯೇ: ಕಾರ್ಲ್ ಮಿಕಾಯೆಲ್ ಬೆಲ್ಮನ್ (1740–1795). ಅವನು ಮದ್ಯದ ದೇವತೆ ಬ್ಯಾಕಸ್ಸನ ಹೆಸರಿನಲ್ಲಿ ಒಂದು ವೀರಸಂಘ ಕಟ್ಟಿದ. ಅದರ ಸದಸ್ಯರು ಪೇಟೆಯ ಕುಡುಕರು. ಪದವಿ, ಪದಕ, ಪಟ್ಟಾಭಿಷೇಕ, ಶವಸಂಸ್ಕಾರದ ಭಾಷಣ ಎಲ್ಲ ಯಥಾಸಾಂಗ. ಕನಿಷ್ಠ ಎರಡು ಸಲ ಚರಂಡಿಯಲ್ಲಿ ಬಿದ್ದು ಜನರ ಕಣ್ಣಿಗೆ ಬಿದ್ದಿರಬೇಕು ಎಂಬುದು ಪ್ರವೇಶದ ಅರ್ಹತೆಯಾಗಿತ್ತೆಂದು ಹೇಳುತ್ತಾರೆ. ನಗುವಿನ ಒಳಗೆ ಬಡ ಕುಡುಕನ ಸಾವಿನ ಸಂಕಟವೂ ಇದೆ. ಅದರಿಂದಲೇ ಬೆಲ್ಮನ್ ದೊಡ್ಡವನು. ಆದರೆ ಚರಿತ್ರೆಯ ಕುಚೇಷ್ಟೆಯನ್ನು ನೋಡಿ. 1779ರಲ್ಲಿ ಅವನ ಬಳಗದವರ ನಡುವೆಯೇ ಪಾರ್ ಬ್ರಿಕೋಲ್ ಎಂಬ ಹಾಸ್ಯದ ಕೂಟವೊಂದು ಹುಟ್ಟಿತು. ಅದು ಇಂದಿಗೂ ಇದೆ. ಅದಕ್ಕೂ ದರ್ಜೆಗಳಿವೆ! ಅಣಕವಾಡಲು ಹೋದವರನ್ನೂ ಮೆಟ್ಟಿಲು ನುಂಗಿತು.

ಈಗ ನನಗೆ ಅತ್ಯಂತ ಪ್ರಿಯವಾದ ಕಥೆಗೆ ಬರುತ್ತೇನೆ. 1879ರಲ್ಲಿ ಯೋಟೆಬೋರಿಯಲ್ಲಿ, ಅಮೆರಿಕದಿಂದ ಹಿಂದಿರುಗಿದ ಊಲೋಫ್ ಬೆರಿಸ್ಟ್ರೋಮ್ ಎಂಬ ಬ್ಯಾಪ್ಟಿಸ್ಟ್ ಪ್ರಚಾರಕ ಗುಡ್ ಟೆಂಪ್ಲರ್ ಎಂಬ ಪಾನವಿರೋಧಿ ಸಂಘದ ಮೊದಲ ಲಾಡ್ಜನ್ನು ತೆರೆದ. 'ಟೆಂಪ್ಲರ್' ಎಂಬ ಹೆಸರು, ಲಾಡ್ಜ್, ಗುಪ್ತಪದ, ಕೊರಳ ಪಟ್ಟಿ, ದರ್ಜೆ, ಪ್ರತಿಜ್ಞೆ ಎಲ್ಲವನ್ನೂ ಇವರು ಮೇಸನ್ನರ ಅರಮನೆಯಿಂದ ಹೊತ್ತುಕೊಂಡು ಬಂದು ಕಾರ್ಖಾನೆಯ ಬೀದಿಗೆ ಹಾಕಿದರು. ಗರಗಸದ ಗಿರಣಿಯ ಕೂಲಿ, ಮನೆಗೆಲಸದ ಹುಡುಗಿ, ರೈಲ್ವೆಯ ಗ್ಯಾಂಗ್‌ಮನ್ ಪಟ್ಟಿ ಧರಿಸಿ ಒಬ್ಬರನ್ನೊಬ್ಬರು ಸೋದರ, ಸೋದರಿ ಎಂದು ಕರೆದುಕೊಂಡರು. ಸೋದರಿ ಎಂಬ ಪದವನ್ನು ಗಮನಿಸಿ. ಇಲ್ಲಿ ಹೆಂಗಸರು ಮೊದಲ ದಿನದಿಂದ ಸಮಾನ ಸದಸ್ಯರು. ಮತ ಹಾಕಿದರು, ಅಧಿಕಾರದ ಸ್ಥಾನಗಳಲ್ಲಿ ಕೂತರು. ಸ್ವೀಡನ್ನಿನ ಹೆಂಗಸರು ಸಂಸತ್ತಿನ ಚುನಾವಣೆಯಲ್ಲಿ ಮೊದಲ ಬಾರಿ ಮತ ಹಾಕಿದ್ದು 1921ರಲ್ಲಿ. ಲಾಡ್ಜಿನೊಳಗೆ ಅವರು ನಲವತ್ತೆರಡು ವರ್ಷ ಮುಂಚೆಯೇ ಮತದಾರರಾಗಿದ್ದರು. ಪದಾಧಿಕಾರಿಗಳ ಅವಧಿ ಮೂರೇ ತಿಂಗಳು. ಅಷ್ಟು ಬೇಗ ಬೇಗ ಬದಲಾಗುತ್ತಿದ್ದುದರಿಂದ ಅಧ್ಯಕ್ಷತೆ ವಹಿಸುವುದು, ನಡಾವಳಿ ಬರೆಯುವುದು, ಲೆಕ್ಕ ಒಪ್ಪಿಸುವುದು, ವಿರೋಧಿಯ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿ ಕೂರುವುದು, ಇಷ್ಟನ್ನೂ ಸಾವಿರಾರು ಕೂಲಿಗಳು ಕಲಿತರು. 1910ರ ಹೊತ್ತಿಗೆ ಪಾನವಿರೋಧಿ ಸಂಘಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರಿದ್ದರು. ದೇಶದ ಜನಸಂಖ್ಯೆ ಆಗ ಐವತ್ತೈದು ಲಕ್ಷ. 1902ರಲ್ಲಿ ಲುಂಡ್ ಪಟ್ಟಣದ ಇಂಥದೇ ಒಂದು ಲಾಡ್ಜಿನಲ್ಲಿ ಆಸ್ಕರ್ ಊಲ್ಸನ್ ಎಂಬ ಶಿಕ್ಷಕ ಪುಸ್ತಕಗಳನ್ನು ಕೂಡಿ ಕೊಂಡು, ಕೂಡಿ ಓದಿ, ಚರ್ಚಿಸುವ ಕೂಟ ಆರಂಭಿಸಿದ. ಸ್ವೀಡನ್ನಿನ ಅಧ್ಯಯನ ವೃತ್ತಗಳ ಮೂಲ ಅದು. ನಾವಿಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತಿರುವುದು ಆ ಶಿಕ್ಷಕನ ಋಣ.

ಅವರ ಚರಿತ್ರೆಯೂ ಕಲೆಯಿಲ್ಲದ್ದಲ್ಲ. ಅಮೆರಿಕದ ದಕ್ಷಿಣದಲ್ಲಿ ಕರಿಯರನ್ನು ಸಮಾನರಾಗಿ ಸೇರಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಬಂದಾಗ ಈ ಲೋಕಸೋದರತೆ 1876ರಲ್ಲಿ ಲೂಯಿವಿಲ್‌ನ ಅಧಿವೇಶನದಲ್ಲಿ ಎರಡಾಗಿ ಒಡೆಯಿತು. ಇಂಗ್ಲೆಂಡಿನ ಜೋಸೆಫ್ ಮ್ಯಾಲಿನ್ಸ್ ಮತ್ತು ಅವನ ಜೊತೆಗಾರರು ಸಮಾನತೆಯ ಪರವಾಗಿ ಎದ್ದು ಹೊರನಡೆದರು. ಮತ್ತೆ ಕೂಡಿದ್ದು 1887ರಲ್ಲಿ. ಸ್ವೀಡನ್ನಿನಲ್ಲಿ, ಪಾನನಿರೋಧದ ಜೊತೆಗೆ ಕಾರ್ಮಿಕ ರಾಜಕಾರಣವನ್ನೂ ಮಾತಾಡಬೇಕು ಎಂದವರು 1896ರಲ್ಲಿ ಬೇರೆಯಾಗಿ ವೆರ್ಡಾಂಡಿ ಎಂಬ ಸಂಘ ಕಟ್ಟಿದರು. ಅವರೂ ಮೊದಲಿಗೆ 'ಆರ್ಡರ್' ಎಂದೇ ಕರೆದುಕೊಂಡದ್ದು. ಕಾಲ ಕಳೆದಂತೆ ಈ ಸಂಘಗಳಲ್ಲಿ ಪಟ್ಟಿ, ಗುಪ್ತಪದ, ದರ್ಜೆಗಳು ಉದುರುತ್ತ ಬಂದವು. ಅವುಗಳನ್ನು ಯಾರೂ ಹೋರಾಡಿ ಕಿತ್ತುಹಾಕಲಿಲ್ಲ. ಕೂಲಿಗೆ ಮತ ಬಂತು, ಹೆಂಗಸಿಗೆ ಮತ ಬಂತು, ಓದು ಬಂತು, ಪಟ್ಟಿಯ ಕೆಲಸ ಮುಗಿಯಿತು.

ಕ್ರಿಯಾವಿಧಿಗಳನ್ನೆಲ್ಲ ಗೇಲಿ ಮಾಡುವುದು ನಮ್ಮಂಥ ವಿಚಾರವಾದಿಗಳಿಗೆ ಸುಲಭ. ನನಗೆ ಆ ಗೇಲಿ ಪೂರ್ತಿ ಒಪ್ಪಿಗೆಯಿಲ್ಲ. ದಿನವಿಡೀ ಒಡೆಯನ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದವನಿಗೆ ಸಂಜೆ ಪಟ್ಟಿ ಧರಿಸಿ 'ಸೋದರ ಅಧ್ಯಕ್ಷರೇ' ಎನಿಸಿಕೊಳ್ಳುವುದು ಎಂಥ ಅನುಭವವಾಗಿತ್ತು ಎಂಬುದನ್ನು ಯೋಚಿಸಿ. ವಿಧಿಯನ್ನು ಬೇಡವೆನ್ನದೆ ಅದರ ಪೌರೋಹಿತ್ಯವನ್ನು ಮಾತ್ರ ಬೇಡವೆಂದವರು ನಮ್ಮ ಕುವೆಂಪು. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ಕ್ರಮದಲ್ಲಿ ಮಾಡಿಸಿದಾಗ ಅಲ್ಲಿ ಪ್ರತಿಜ್ಞೆಯಿತ್ತು, ಸಾಕ್ಷಿಗಳಿದ್ದರು, ಗಾಂಭೀರ್ಯವಿತ್ತು. ಗುಟ್ಟು ಇರಲಿಲ್ಲ, ದಲ್ಲಾಳಿ ಇರಲಿಲ್ಲ. ನಮಗೂ ಹೊಸಬರನ್ನು ಸ್ವಾಗತಿಸುವ ಒಂದು ಚಂದದ ಪದ್ಧತಿ ಇರಲಿ ಎಂದು ಯಾರಾದರೂ ಹೇಳಿದರೆ ನಾನು ಕೈ ಎತ್ತುತ್ತೇನೆ.

ನಾನು ಕೈ ಎತ್ತದಿರುವುದು ಆರನೆಯ ಕಲಮಿಗೆ. ಏಕೆಂದರೆ ಅದರ ನಿಜವಾದ ಪೂರ್ವಜ ಮೇಸನ್ನರ ಹನ್ನೊಂದು ದರ್ಜೆಯಲ್ಲ. ಅದಕ್ಕಿಂತ ಹತ್ತಿರದ ಇನ್ನೊಂದು ಏಣಿ ಈ ದೇಶದಲ್ಲಿ ಇತ್ತು. 1862ರ ಕಾನೂನಿನ ಪ್ರಕಾರ ಸ್ವೀಡನ್ನಿನ ಸ್ಥಳೀಯ ಚುನಾವಣೆಗಳಲ್ಲಿ ತೆರಿಗೆ ಕಟ್ಟಿದಷ್ಟು ಮತ. ಆಸ್ತಿಯಿದ್ದ ಮದುವೆಯಾಗದ ಹೆಣ್ಣಿಗೂ ವಿಧವೆಗೂ ಮತವಿತ್ತು, ಅದು ನಿಜ, ಕಂಪನಿಗಳಿಗೂ ಮತವಿತ್ತು! ಹಳ್ಳಿಗಾಡಿನಲ್ಲಿ ದೊಡ್ಡ ಜಮೀನುದಾರನೊಬ್ಬ ಊರಿಗೆ ಊರೇ ಎದುರು ನಿಂತರೂ ಗೆಲ್ಲಬಹುದಿತ್ತು. 1871ರಲ್ಲಿ ಇಂಥ 54 ಗ್ರಾಮಾಡಳಿತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಒಬ್ಬನೇ ಮನುಷ್ಯನ ಕೈಯಲ್ಲಿತ್ತು. ಈ ಸ್ಥಳೀಯ ಮತಗಳಿಂದ ಜಿಲ್ಲಾ ಮಂಡಳಿ, ಜಿಲ್ಲಾ ಮಂಡಳಿಯಿಂದ ಸಂಸತ್ತಿನ ಮೇಲ್ಮನೆ. ಅಂದರೆ ಕೆಳಮನೆ ಏನೇ ತೀರ್ಮಾನಿಸಿದರೂ ದುಡ್ಡಿದ್ದವರ ಮನೆ ಅದನ್ನು ತಡೆಹಿಡಿಯಬಹುದು. ಕೇಳಿದ ಮಾತಿನಂತಿದೆಯೆ? 1909ರಲ್ಲಿ 'ಸುಧಾರಣೆ' ಬಂದು, ಒಬ್ಬನಿಗೆ ಒಂದರಿಂದ ಹೆಚ್ಚೆಂದರೆ ನಲವತ್ತು ಮತ ಎಂದಾಯಿತು. ಸ್ವೀಡಿಶ್ ಚರಿತ್ರೆಯಲ್ಲಿ ಇದಕ್ಕೆ ನಲವತ್ತು ಡಿಗ್ರಿಗಳ ಮಾಪಕ ಎಂದೇ ಹೆಸರು. ಮೇಸನ್ನರ ದರ್ಜೆಗೂ ಈ ಮತದ ಅಳತೆಗೂ ಸ್ವೀಡಿಶ್ ಭಾಷೆಯಲ್ಲಿ ಬಳಸುವುದು ಒಂದೇ ಪದ: 'ಗ್ರಾದ್'. ಜರ್ಮನಿಯಲ್ಲಿ ಕೈಸರನ ಸಿಂಹಾಸನ ಉರುಳಿದ ಮೇಲೆ, ಇಲ್ಲಿಯೂ ಬೀದಿ ಕುದಿಯತೊಡಗಿದ ಮೇಲೆ, 1918ರ ಡಿಸೆಂಬರಿನಲ್ಲಿ ಸಂಸತ್ತು ಆ ಮಾಪಕವನ್ನು ಕೈಬಿಟ್ಟಿತು. ಮಾಪಕದ ಪರವಾಗಿದ್ದವರ ವಾದವೂ ಸರಳವಾಗಿತ್ತು: ಹೆಚ್ಚು ಕೊಡುವವನ ಮಾತು ಹೆಚ್ಚು ನಡೆಯಬೇಡವೆ?

ನಮ್ಮ ಕರಡಿನಲ್ಲಿ ಮಹಾಪೋಷಕನಿಗೆ ನಲವತ್ತು ಮತ ಎಂದು ಬರೆದಿಲ್ಲ. ಹಿರಿಯರ ಮಂಡಳಿಗೆ ತಡೆಹಿಡಿಯುವ ಹಕ್ಕು ಎಂದು ಬರೆದಿದೆ. ಮತ ಎಣಿಸಿದರೆ ಎರಡೂ ಒಂದೇ ಲೆಕ್ಕಕ್ಕೆ ಬರುತ್ತವೆ. ಕಳೆದ ವರ್ಷ ಇಲ್ಲಿ ನಡೆದ ಚರ್ಚೆಗಳನ್ನು ನೆನೆಸಿಕೊಳ್ಳಿ. ಊರಿನ ಮೀಸಲಾತಿಯ ಬಗ್ಗೆ, ಪೌರತ್ವದ ಕಾನೂನಿನ ಬಗ್ಗೆ, ಅಡಿಗೆಮನೆಯ ಮಾಂಸದ ಬಗ್ಗೆ ಮಾತಾಡಿದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ಹೊಸದಾಗಿ ಬಂದವರು, ಕೆಲಸದ ಪರವಾನಗಿ ಯಾವಾಗ ಮುಗಿಯುತ್ತದೋ ಎಂದು ದಿನ ಎಣಿಸುತ್ತಿರುವವರು. ಮಹಾಪೋಷಕರಾಗುವುದು ಅವರ ಸಂಬಳದಲ್ಲಿ ಆಗದ ಮಾತು. ನಾಳೆ ಇಂಥ ಒಂದು ಗೋಷ್ಠಿಯನ್ನು 'ಬಳಗದ ಹಿತದೃಷ್ಟಿಯಿಂದ' ತಡೆಹಿಡಿದರೆ ಅವರು ಯಾರನ್ನು ಕೇಳಬೇಕು?

ಆದ್ದರಿಂದ ಎರಡು ತಿದ್ದುಪಡಿಗಳನ್ನು ಬರೆದು ತಂದಿದ್ದೇನೆ. ದೇಣಿಗೆ ಎಷ್ಟೇ ಇರಲಿ, ಸದಸ್ಯತ್ವ ಒಂದೇ, ಮತ ಒಂದೇ. ದೇಣಿಗೆ ಕೊಟ್ಟವರ ಹೆಸರನ್ನು ವಾರ್ಷಿಕ ಲೆಕ್ಕದ ಜೊತೆ ಕೃತಜ್ಞತೆಯಿಂದ ಅಚ್ಚು ಹಾಕೋಣ, ಗೋಡೆಯ ಮೇಲೆ ಬೇಡ. ಹಿರಿಯರ ಮಂಡಳಿಯ ಬದಲು ಹಳೆಯ ಗುಡ್ ಟೆಂಪ್ಲರರಂತೆ ಮೂರು ತಿಂಗಳಿಗೊಮ್ಮೆ ಅಧ್ಯಕ್ಷತೆ ಕೈ ಬದಲಾಗಲಿ, ಮೊದಲ ಮೂರು ತಿಂಗಳು ನಮ್ಮಲ್ಲಿ ಇತ್ತೀಚೆಗೆ ಬಂದವರಿಗೆ. ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಅಷ್ಟು ಬೇಗ ಕೈ ಬದಲಾದರೆ ಕಷ್ಟ ಎಂದು ಖಜಾಂಚಿಯವರು ಆಗಲೇ ಹೇಳಿದ್ದಾರೆ. ಆ ಮಾತು ಸರಿ, ಅದಕ್ಕೆ ಒಂದು ವರ್ಷವೆಂದು ಬರೆದುಕೊಂಡಿದ್ದೇನೆ. ತಿದ್ದುಪಡಿಯ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಸಹಿ ಹಾಕಲು ಐದು ಜನ ಬೇಕು, ಇಬ್ಬರು ಆಗಿದ್ದೇವೆ.